ಹಳೆಯ ಕ್ಯಾಮೆರಾಕ್ಕೆ ತೊಂಬತ್ತು ಸಾವಿರದ ಲೆನ್ಸು

ಹವ್ಯಾಸಕ್ಕೆಂದು ಮಾಡುವ ವೆಚ್ಚಕ್ಕೆ ಲೆಕ್ಕ ಕೇಳಬಾರದೆಂಬ ಮಾತೊಂದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಇತ್ತೀಚೆಗೆ ರೂಢಿಗೆ ಬಂದಿದೆ. ಸಂಗೀತ ಕಚೇರಿಯ ಟಿಕೆಟ್ಟಿಗೂ ಚಾರಣದ ಬೂಟಿಗೂ ಆ ಮಾತು ಸಲ್ಲುವುದಾದರೆ ಸಲ್ಲಲಿ. ಒಂದೊಂದು ಮೆಟ್ಟಿಲೇರಲು ಅರ್ಧ ಲಕ್ಷವನ್ನೋ ಒಂದು ಲಕ್ಷವನ್ನೋ ಕೇಳುವ ಡಿ.ಎಸ್.ಎಲ್.ಆರ್. ಕ್ಯಾಮೆರಾದ ವಿಷಯದಲ್ಲಿ ಮಾತ್ರ ನಾನು ಅದನ್ನು ಒಪ್ಪಲಾರೆ. 2018ರಲ್ಲಿ, ಐದು ವರ್ಷ ಸವೆದು, ಕೊಳ್ಳುವವರು ಎಂಟು ಸಾವಿರ ಕೊಡಲೂ ಹಿಂದೆಮುಂದೆ ನೋಡುವಂತಾಗಿದ್ದ ನನ್ನ ನಿಕಾನ್ ಡಿ3200 ಬಾಡಿಯನ್ನು ಹಾಗೆಯೇ ಇಟ್ಟುಕೊಂಡು, ಅದರ ಮುಂದೆ ಸಿಕ್ಕಿಸುವುದಕ್ಕೆಂದು ತೊಂಬತ್ತು ಸಾವಿರ ರೂಪಾಯಿ ತೆತ್ತು 200-500 ಮಿಲಿಮೀಟರಿನ ಲೆನ್ಸೊಂದನ್ನು ನಾನು ಮನೆಗೆ ತಂದಾಗ, ಮನೆಯವರೂ ಮಿತ್ರರೂ ಒಕ್ಕೊರಲಿನಿಂದ ಅದನ್ನು ಅವಿವೇಕವೆಂದು ತೀರ್ಮಾನಿಸಿದರು. ಎಂಟು ಸಾವಿರದ ಬಾಡಿಗೆ ತೊಂಬತ್ತು ಸಾವಿರದ ಲೆನ್ಸೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ, ಆದರೆ ಅದಕ್ಕೆ ಉತ್ತರವುಂಟು, ಮತ್ತು ಆ ಉತ್ತರ ಅಂಕಿಗಳಲ್ಲಿದೆ.

ಆ ಕಾಲಕ್ಕೆ ನನಗೆ ದೊರೆತ ಸಲಹೆಯೆಲ್ಲವೂ ಫುಲ್ ಫ್ರೇಮಿನ ದಿಕ್ಕಿಗೇ ಇತ್ತು. ನಿಕಾನಿನ ಫುಲ್ ಫ್ರೇಮ್ ಬಾಡಿಯಾದ ಡಿ750ರ ಸೆನ್ಸರು ದೊಡ್ಡದು, ಐ.ಎಸ್.ಓ. ಏರಿಸಿದರೂ ನಾಯ್ಸ್ ಕಡಿಮೆ, ವ್ಯೂಫೈಂಡರು ವಿಶಾಲವಾದುದು ಎಂದು ಬಲ್ಲವರು ಹೇಳಿದುದೆಲ್ಲ ನಿಜವೇ, ಮತ್ತು ಛತ್ರದ ಮಂದ ಬೆಳಕಿನಲ್ಲಿ ಮುಹೂರ್ತದ ಚಿತ್ರ ತೆಗೆಯಬೇಕಾದವರು ಆ ಬಾಡಿಯನ್ನು ಕೊಂಡರೆ ನಾನು ಬೇಡವೆನ್ನೆನು. ನನ್ನ ಹುಚ್ಚು ಬೇರೆಯದು. ಭಾನುವಾರದ ನಸುಕಿನಲ್ಲಿ ಹೊಸಕೋಟೆಯ ಕೆರೆಯ ಏರಿಗೋ ಕನಕಪುರ ರಸ್ತೆಯ ಕುರುಚಲು ಕಾಡಿಗೋ ಹೋಗಿ, ನನ್ನಿಂದ ದೂರವಿರುವುದನ್ನೇ ವ್ರತವಾಗಿ ಹಿಡಿದಿರುವ ಹಕ್ಕಿಗಳ ಹಿಂದೆ ಅಲೆಯುವವನಿಗೆ ಏನು ಕೊರತೆಯೆಂಬುದನ್ನು ಅಂಗಡಿಯ ಷೋಕೇಸಿನಲ್ಲಿ ಹುಡುಕುವುದಕ್ಕಿಂತ ಅವನ ಹಳೆಯ ಚಿತ್ರಗಳಲ್ಲಿ ಹುಡುಕುವುದು ಮೇಲೆಂದು ತೋರಿ, ಒಂದು ರಾತ್ರಿ ನನ್ನ ಕಂಪ್ಯೂಟರಿನಲ್ಲಿದ್ದ ಕಡತಗಳ, ಕ್ಯಾಮೆರಾ ತಾನೇ ದಾಖಲಿಸಿಡುವ ಎಕ್ಸಿಫ್ ವಿವರಗಳನ್ನು ತೆರೆದು ಕುಳಿತೆನು. ಹಕ್ಕಿಯ ಚಿತ್ರವೆಂಬುದೆಲ್ಲವೂ 200 ಮಿಲಿಮೀಟರಿನಲ್ಲಿ ತೆಗೆದುದಾಗಿತ್ತು. ನನ್ನಲ್ಲಿದ್ದ 55-200 ಲೆನ್ಸಿನ ಕೊನೆಯ ತುದಿ ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಲು ಉಂಗುರದಲ್ಲಿ ಜಾಗವಿಲ್ಲ.

ನಮ್ಮ ರಾಜ್ಯಪಕ್ಷಿಯಾದ ನೀಲಕಂಠವನ್ನೇ ತೆಗೆದುಕೊಳ್ಳೋಣ. ಕೊಕ್ಕಿನಿಂದ ಬಾಲದವರೆಗೆ ಸುಮಾರು 26 ಸೆಂಟಿಮೀಟರು ಉದ್ದದ ಆ ಹಕ್ಕಿ ಮೂವತ್ತು ಮೀಟರು ದೂರದ ತಂತಿಯ ಮೇಲೆ ಪಕ್ಕಕ್ಕೆ ತಿರುಗಿ ಕುಳಿತಿದ್ದರೆ, 200 ಮಿಲಿಮೀಟರಿನ ಲೆನ್ಸು ಸೆನ್ಸರಿನ ಮೇಲೆ ಮೂಡಿಸುವ ಅದರ ಬಿಂಬ ಎರಡು ಮಿಲಿಮೀಟರೂ ಆಗದು. ಡಿ3200ರಲ್ಲಿ ಅದು ಸುಮಾರು 450 ಪಿಕ್ಸೆಲ್, ಎಂದರೆ ಒಳ್ಳೆಯ ಅಚ್ಚಿನಲ್ಲಿ ಒಂದೂವರೆ ಅಂಗುಲದ ಹಕ್ಕಿ. ಅದೇ ಲೆನ್ಸನ್ನು ಡಿ750ಕ್ಕೆ ಹಾಕಿದರೆ ಏನಾಗುತ್ತದೆ? ಪಿಕ್ಸೆಲ್‌ಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಆಗಿ, ಅವು ಹರಡಿಕೊಂಡಿರುವ ಸೆನ್ಸರು ಮಾತ್ರ ದೊಡ್ಡದಾಗುವುದರಿಂದ, ಅದೇ ಹಕ್ಕಿಗೆ ದೊರೆಯುವುದು ಸುಮಾರು 290 ಪಿಕ್ಸೆಲ್. ಲಕ್ಷದ ಹತ್ತಿರ ಖರ್ಚುಮಾಡಿ ಹಕ್ಕಿಯನ್ನು ಮೂರನೆಯ ಒಂದು ಪಾಲಿನಷ್ಟು ಕುಗ್ಗಿಸಿಕೊಂಡಂತಾಯಿತು! ಹಳೆಯ ಡಿ3200ರ ಮೇಲೆಯೇ 500 ಮಿಲಿಮೀಟರನ್ನು ಕೂರಿಸಿದರೆ ಅದೇ ತಂತಿ, ಅದೇ ದೂರ, ಅದೇ ನೀಲಕಂಠ 1,100 ಪಿಕ್ಸೆಲ್ ದಾಟುತ್ತದೆ. ಕನ್ನಡಕದ ಗಾಜು ಬದಲಿಸಬೇಕಾದವನು ಚಿನ್ನದ ಲೇಪದ ಫ್ರೇಮು ಕೊಂಡು ಬಂದಂತೆ ನಮ್ಮಲ್ಲಿ ಎಷ್ಟೋ ಮಂದಿ ಬಾಡಿಯನ್ನು ಬದಲಿಸುತ್ತಾರೆ.

ಅಂಗಡಿಗೆ ಹೋದೆನು. ಬೆಲೆ 96,000 ಎಂದರು. ಒಡನೆಯೇ, ನಾನು ಕೇಳದಿದ್ದರೂ, ‘ತಿಂಗಳಿಗೆ ಬರೀ ಎಂಟು ಸಾವಿರ ಸಾರ್, ಹನ್ನೆರಡು ತಿಂಗಳು, ನೋ ಕಾಸ್ಟ್ ಇ.ಎಂ.ಐ., ಬಡ್ಡಿ ಅನ್ನೋದೇ ಇಲ್ಲ’ ಎಂದು ಗಲ್ಲಾದ ಹಿಂದಿನ ಯುವಕ ಒಂದು ಹಾಳೆಯನ್ನು ಮುಂದಿಟ್ಟನು.

‘ಬಡ್ಡಿಯೇ ಇಲ್ಲದೆ ಬ್ಯಾಂಕು ಯಾಕಪ್ಪ ಸಾಲ ಕೊಡುತ್ತದೆ?’

‘ಅದನ್ನ ಬೇರೆಯವರು ಕಟ್ಕೋತಾರೆ ಸಾರ್, ನಿಮಗ್ಯಾಕೆ?’

‘ಅವರು ಬ್ಯಾಂಕಿಗೆ ಕಟ್ಟುವುದನ್ನು ನನಗೇ ಬಿಟ್ಟುಬಿಡಿ. ಪೂರ್ತಿ ಹಣ ಈಗಲೇ ಕೊಡುತ್ತೇನೆ.’

ಯುವಕ ಒಳಗೆ ಹೋಗಿ ಮಾಲೀಕರೊಡನೆ ಪಿಸುಮಾತಾಡಿ ಬಂದು, ಐದರ ಅಂಕಿ ಪೂರ್ತಿ ಅಳಿಸಿಹೋಗಿದ್ದ ಕ್ಯಾಲ್ಕುಲೇಟರಿನಲ್ಲಿ ಏನನ್ನೋ ಒತ್ತಿ, ಬಾಯಿಂದ ಹೇಳದೆ ಅದನ್ನು ನನ್ನ ಕಡೆಗೆ ತಿರುಗಿಸಿದನು. 90,000 ಎಂದಿತ್ತು. ಇಲ್ಲದ ಬಡ್ಡಿಯೊಂದು ಆರು ಸಾವಿರ ರೂಪಾಯಿಯ ರೂಪದಲ್ಲಿ ನನಗೆ ಹೀಗೆ ದರ್ಶನವಿತ್ತಿತು.

ಲೆಕ್ಕವನ್ನು ಸಾವಧಾನವಾಗಿ ಮಾಡೋಣ. ಓದುಗರು ಪೆನ್ಸಿಲು ಹಿಡಿದರೆ ಇನ್ನೂ ಒಳ್ಳೆಯದು. ಆ ಹಾಳೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ವಾರ್ಷಿಕ ಬಡ್ಡಿ ಶೇಕಡಾ 15 ಎಂದಿತ್ತು. ತಿಂಗಳಿಗೆ 8,000ದಂತೆ ಹನ್ನೆರಡು ಕಂತುಗಳಲ್ಲಿ ತೀರುವ ಸಾಲದ ಅಸಲು, ಆ ದರದಲ್ಲಿ, 96,000 ಅಲ್ಲ, 88,634. ಉಳಿದ 7,366 ಬಡ್ಡಿ. ಈ ಬಡ್ಡಿಯಷ್ಟು ಮೊತ್ತವನ್ನು ‘ರಿಯಾಯಿತಿ’ ಎಂಬ ಹೆಸರಿನಲ್ಲಿ ಬೆಲೆಯಿಂದ ಕಳೆದು, ಅದನ್ನೇ ಬಡ್ಡಿಯೆಂದು ಕಂತಿನೊಳಗೆ ಮರಳಿ ಕೂಡಿಸುವುದು ಈ ಯೋಜನೆಯ ಸಮಸ್ತ ಮಂತ್ರಶಕ್ತಿ. ಇಷ್ಟಕ್ಕೆ ನಿಂತರೆ ಗ್ರಾಹಕನಿಗೆ 96,000ದಲ್ಲಿಯೇ ಮುಗಿಯುತ್ತಿತ್ತು, ನಿಲ್ಲುವುದಿಲ್ಲ. ಕ್ರೆಡಿಟ್ ಕಾರ್ಡಿನ ಕಂತಾದ್ದರಿಂದ ಬಡ್ಡಿಯ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಇದೆ, ಅದು 1,326. ಪ್ರೊಸೆಸಿಂಗ್ ಶುಲ್ಕ 199, ಅದರ ಮೇಲಿನ ತೆರಿಗೆ 36. ಎಲ್ಲ ಸೇರಿ 97,561. ನಗದಿಗೆ 90,000. ವ್ಯತ್ಯಾಸ 7,561. ಇನ್ನು, ಅದೇ ಎಂಟು ಸಾವಿರವನ್ನು ಕಂತಿಗೆ ಕಟ್ಟುವ ಬದಲು ಹನ್ನೆರಡು ತಿಂಗಳ ಆರ್.ಡಿ.ಗೆ ಕಟ್ಟಿದ್ದರೆ, ಮೊದಲ ಕಂತಿಗೆ ಹನ್ನೆರಡು ತಿಂಗಳು, ಎರಡನೆಯದಕ್ಕೆ ಹನ್ನೊಂದು, ಹೀಗೆ ಕಡೆಯದಕ್ಕೆ ಒಂದು ಎಂದು ಕೂಡಿಸಿದರೆ ಒಟ್ಟು 78 ತಿಂಗಳ ಬಡ್ಡಿ. ವರ್ಷಕ್ಕೆ ಶೇಕಡಾ 7ರಂತೆ ಹಿಡಿದರೆ 3,640. ಕಂತಿನವನಿಗೂ ಕೂಡಿಟ್ಟವನಿಗೂ ನಡುವಣ ಅಂತರ ಹನ್ನೊಂದು ಸಾವಿರ ರೂಪಾಯಿಗಳನ್ನು ದಾಟಿತು. ಎರಡು ಕಿಲೋಗಳಿಗೂ ಮಿಕ್ಕಿದ ಆ ಲೆನ್ಸನ್ನು ಹೊರಲು ಬೇಕಾದ ಗಟ್ಟಿ ಮಾನೋಪಾಡೂ, ಒಂದೆರಡು ವೇಗದ ಮೆಮೊರಿ ಕಾರ್ಡೂ ಇಷ್ಟರಲ್ಲಿಯೇ ಬರುತ್ತವೆ.

ಶೂನ್ಯ ಬಡ್ಡಿಯೆಂಬ ಕಲ್ಪನೆಗೆ ಅಸ್ತಿತ್ವವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆಯ ಮೂಲಕ ತಿಳಿಸಿತ್ತು. ಹೆಸರು ಬದಲಾಯಿತು, ವ್ಯವಹಾರ ಬದಲಾಗಲಿಲ್ಲ. ವಿದ್ಯಾವಂತರು, ಇಂಜಿನಿಯರುಗಳು, ಲೆಕ್ಕಪತ್ರವನ್ನೇ ಉದ್ಯೋಗ ಮಾಡಿಕೊಂಡವರು ಕೂಡ ಈ ಹಾಳೆಗೆ ಸಹಿ ಹಾಕುವುದನ್ನು ಕಂಡಾಗ ನನ್ನ ಸಹನೆ ಕೆಡುತ್ತದೆ. ಒಂದು ವರ್ಷ ಮೊದಲೇ ಲೆನ್ಸು ಕೈಗೆ ಬಂದಿತಲ್ಲ ಎಂದು ಅವರು ವಾದಿಸುವರು. ಆ ಒಂದು ವರ್ಷ 200 ಮಿಲಿಮೀಟರಿನೊಡನೆಯೇ ರಂಗನತಿಟ್ಟಿನ ದೋಣಿ ಹತ್ತಬಹುದು, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಮರಗಳಲ್ಲಿಯೇ ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿಗೆ ಹೋಗಬಹುದು; ಅಲ್ಲಿ ಲೆನ್ಸು ಸಾಲದೆನ್ನುವವನಿಗೆ ಯಾವ ಲೆನ್ಸೂ ಸಾಲದು.

ಬಾಡಿಯ ಕೊರತೆಯೂ ಒಂದು ದಿನ ಕಾಣಿಸಿಕೊಂಡಿತು, ಅದನ್ನು ಮರೆಮಾಡಲಾರೆ. ಡಿ3200ರಲ್ಲಿ ಫೋಕಸ್ ಬಿಂದುಗಳು ಹನ್ನೊಂದೇ, ಅವುಗಳಲ್ಲಿ ಕ್ರಾಸ್ ಮಾದರಿಯದು ನಡುವಿನದೊಂದೇ. ಕುಳಿತ ಹಕ್ಕಿಗೆ ಅದು ಧಾರಾಳವಾಗಿ ಸಾಕಾದರೂ, ಹುಲ್ಲಿನ ಮೇಲೆ ತೇಲಿ ಬಂದು ಥಟ್ಟನೆ ಹೊರಳುವ ಹ್ಯಾರಿಯರ್ ಹಕ್ಕಿ ನನ್ನ ಚೌಕಟ್ಟಿನಲ್ಲಿ ಮಸುಕಾಗಿಯೇ ಉಳಿಯುತ್ತಿತ್ತು. 51 ಬಿಂದುಗಳ ಡಿ7200 ಬಾಡಿಯನ್ನು 2020ರಲ್ಲಿ, ಸೆಕೆಂಡ್ ಹ್ಯಾಂಡಾಗಿ, ಗೃಹಸ್ಥರೊಬ್ಬರಿಂದ 36,000ಕ್ಕೆ ಕೊಂಡೆನು. ಅವರು ಜೋಪಾನವಾಗಿ ಇಟ್ಟಿದ್ದ 2017ರ ಕೊನೆಯ ಬಿಲ್ಲಿನಲ್ಲಿದ್ದ ಮೊತ್ತ 64,000. ಅದರಲ್ಲಿ ಶೇಕಡಾ 28ರ ಜಿ.ಎಸ್.ಟಿ.ಯೇ 14,000. ಡಿಜಿಟಲ್ ಕ್ಯಾಮೆರಾಗಳ ಮೇಲಿನ ಆ ತೆರಿಗೆ 2019ರ ಜನವರಿ 1ರಿಂದ ಶೇಕಡಾ 18ಕ್ಕೆ ಇಳಿಯಿತು, ಎಂದರೆ ಹದಿಮೂರು ತಿಂಗಳು ಕಾದಿದ್ದರೆ ತೆರಿಗೆಯೊಂದರಲ್ಲಿಯೇ ಅವರಿಗೆ ಐದು ಸಾವಿರ ಉಳಿಯಬಹುದಾಗಿತ್ತು. ಶಟರ್ ಕೌಂಟು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿತ್ತು; ಆ ಬಾಡಿಯ ಶಟರು ಪರೀಕ್ಷೆಗೊಳಗಾಗಿರುವುದು 1,50,000 ಕ್ಲಿಕ್ಕುಗಳಿಗೆ. ಅವರು ಕೊಂಡ ಬಾಡಿ ಎರಡೂವರೆ ವರ್ಷದಲ್ಲಿ 28,000 ಕಳೆದುಕೊಂಡಿತ್ತು, ವರ್ಷಕ್ಕೆ ಹನ್ನೊಂದು ಸಾವಿರದಂತೆ. ನನ್ನ ಲೆನ್ಸಿಗೆ ಏಳು ವರ್ಷಗಳ ತರುವಾಯ ಇಂದು ಅರವತ್ತು ಸಾವಿರ ಕೇಳುವವರಿದ್ದಾರೆ. ವರ್ಷಕ್ಕೆ ನಾಲ್ಕು ಸಾವಿರ ಚಿಲ್ಲರೆಯ ಸವೆತ. ಅವಿವೇಕವೆಂದಿದ್ದ ಮಿತ್ರರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಹಳೆಯ ಬಾಡಿ ಅಗ್ಗವಾಗಿ ಸಿಕ್ಕಿತೆಂದು ಮೈಮರೆಯಲೂ ಕೂಡದು. ಈ 200-500ರಂತಹ ‘ಇ’ ಮಾದರಿಯ ಲೆನ್ಸುಗಳ ಅಪರ್ಚರನ್ನು ಡಿ90, ಡಿ3000ದಂತಹ ಬಾಡಿಗಳು ನಿಯಂತ್ರಿಸಲಾರವು. ಸೆಕೆಂಡ್ ಹ್ಯಾಂಡ್ ಲೆನ್ಸಾದರೆ ಅದರ ಹಿಂಬದಿಯಿಂದ ಟಾರ್ಚು ಬಿಟ್ಟು ನೋಡದೆ ಹಣ ಎಣಿಸಬೇಡಿ. ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಮಳೆಗಾಲ ಕಳೆದ ಗಾಜಿನೊಳಗೆ ಕೂದಲೆಳೆಯಂತಹ ಬಿಳಿಯ ಬೂಷ್ಟು ಕವಲೊಡೆದಿರುವುದು ಆ ಬೆಳಕಿಗೆ ಮಾತ್ರ ಕಾಣುತ್ತದೆ. ಸಾವಿರಾರು ರೂಪಾಯಿಯ ಡ್ರೈ ಕ್ಯಾಬಿನೆಟ್ ಆಗದಿದ್ದರೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಪುಟ್ಟ ತೇವಾಂಶ ಮಾಪಕ, ಮತ್ತು ನೀಲಿಯಿಂದ ಗುಲಾಬಿಗೆ ತಿರುಗಿದೊಡನೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿ ಮತ್ತೆ ನೀಲಿಯಾಗಿಸಬಹುದಾದ ಸಿಲಿಕಾ ಜೆಲ್ ಸಾಕು. ಆ ಬಾಣಲೆ ಅಡುಗೆಯದಾಗಿರಕೂಡದು.

ಮಿರರ್‌ಲೆಸ್ ಕ್ಯಾಮೆರಾಗಳ ಮಾತು ಬಾರದೆ ಇರದು. 2020ರ ಅನಂತರ ನಿಕಾನಾಗಲಿ ಕ್ಯಾನನ್ನಾಗಲಿ ಹೊಸ ಡಿ.ಎಸ್.ಎಲ್.ಆರ್. ಬಾಡಿಯನ್ನು ಹೊರತಂದಿಲ್ಲವಾದ್ದರಿಂದ ಈ ಜಾತಿಯ ಕ್ಯಾಮೆರಾವನ್ನು ಹೊಸ ಬೆಲೆಗೆ ಕೊಳ್ಳುವುದಕ್ಕೆ ಈಗ ಕಾರಣವೇನೂ ಕಾಣದು. ನಿಕಾನಿನ ಹಳೆಯ ಎಫ್ ಮೌಂಟಿನ ಎ.ಎಫ್.-ಎಸ್. ಲೆನ್ಸುಗಳು ಎಫ್.ಟಿ.ಜೆಡ್. ಅಡಾಪ್ಟರಿನ ಮೂಲಕ ಹೊಸ ಜೆಡ್ ಬಾಡಿಗಳಲ್ಲಿ ಆಟೋಫೋಕಸಿನೊಡನೆ ನಡೆಯುತ್ತವೆ, ತಮ್ಮದೇ ಮೋಟಾರಿಲ್ಲದ ಎ.ಎಫ್.-ಡಿ. ಲೆನ್ಸುಗಳಿಗೆ ಆ ಭಾಗ್ಯವಿಲ್ಲ. ಒಳ್ಳೆಯ ಲೆನ್ಸು ಇದ್ದವನು ಅವಸರಪಡಬೇಕಾಗಿಲ್ಲವೆಂಬಷ್ಟು ಇಲ್ಲಿಗೆ ಸಾಕು.

ಅಂಕಿಗಳಿಂದ ಹೊರಗಿನ ಒಂದು ಮಾತನ್ನೂ ಆಡಿಬಿಡುತ್ತೇನೆ. ನಮ್ಮ ಬೆಂಗಳೂರಿನ ಟಿ.ಎನ್.ಎ. ಪೆರುಮಾಳರಂತಹವರು ಫಿಲ್ಮ್ ಕಾಲದಲ್ಲಿ ವನ್ಯಜೀವಿಗಳ ಚಿತ್ರ ತೆಗೆದು ಜಗತ್ತಿನ ಮನ್ನಣೆ ಪಡೆದರು. 35 ಮಿಲಿಮೀಟರಿನ ರೀಲೊಂದರಲ್ಲಿ ಇದ್ದುದು ಮೂವತ್ತಾರು ಚಿತ್ರಗಳ ಜಾಗ, ಪ್ರತಿಯೊಂದಕ್ಕೂ ತೊಳೆಸುವ ಖರ್ಚು ಬೇರೆ. ಇಂದು ಒಂದು ಮುಂಜಾನೆಯಲ್ಲಿ ಸಾವಿರ ಚಿತ್ರ ತೆಗೆದು, ಹಾರ್ಡ್ ಡಿಸ್ಕಿಗೆ ಸುರಿದು, ಅವುಗಳಲ್ಲಿ ಹತ್ತನ್ನಾದರೂ ಆರಿಸದೆ, ಒಂದನ್ನಾದರೂ ಅಚ್ಚು ಹಾಕಿಸದೆ, ಚಿತ್ರ ಚೆನ್ನಾಗಿ ಬಾರದಿರುವುದಕ್ಕೆ ಬಾಡಿಯೇ ಕಾರಣವೆಂದು ನಿಶ್ಚಯಿಸುವವರನ್ನು ನಾನು ಬಲ್ಲೆ. ಅವರು ಏಳುವುದು ಎಂಟು ಗಂಟೆಗೆ. ಹಕ್ಕಿಗೆ ಬೀಳುವ ಒಳ್ಳೆಯ ಬೆಳಕು ಆ ವೇಳೆಗೆ ಮುಗಿಯುತ್ತ ಬಂದಿರುತ್ತದೆ, ಮತ್ತು ಅದಕ್ಕೆ ಇ.ಎಂ.ಐ. ಸೌಲಭ್ಯವಿಲ್ಲ.

ಆದುದರಿಂದ ಅಂಗಡಿಗೆ ಹೊರಡುವ ಮುನ್ನ ಕಳೆದ ಒಂದು ವರ್ಷದ ನಿಮ್ಮ ಚಿತ್ರಗಳನ್ನು ತೆರೆದು, ಯಾವ ಮಿಲಿಮೀಟರಿನಲ್ಲಿ, ಯಾವ ಐ.ಎಸ್.ಓ.ದಲ್ಲಿ ತೆಗೆದವೆಂಬುದನ್ನು ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಬಹುಪಾಲು ಲೆನ್ಸಿನ ಕೊನೆಯ ತುದಿಯಲ್ಲಿದ್ದರೆ ಉದ್ದದ ಲೆನ್ಸು. ಹೆಚ್ಚಿನವು ಕತ್ತಲೆಯಲ್ಲಿ ನಾಯ್ಸ್ ತುಂಬಿಕೊಂಡಿದ್ದರೆ ಮೊದಲು ಎಫ್/1.8ರ ಪ್ರೈಮ್ ಲೆನ್ಸೊಂದು, ಅದೂ ಸಾಲದಾದರೆ ಫುಲ್ ಫ್ರೇಮು. ಓಡುವುದು ಹಾರುವುದೇ ತಪ್ಪಿಹೋಗುತ್ತಿದ್ದರೆ ಮಾತ್ರ ಒಳ್ಳೆಯ ಫೋಕಸಿನ ಬಾಡಿ, ಅದೂ ಸೆಕೆಂಡ್ ಹ್ಯಾಂಡು. ಕೊಳ್ಳುವ ದಿನ ಮೊದಲು ಕಂತಿನ ಬೆಲೆಯನ್ನು ಕೇಳಿ, ಅನಂತರ ನಗದಿನ ಬೆಲೆಯನ್ನು ಕೇಳಿ. ಎರಡೂ ಒಂದೇ ಎಂದರೆ ಮುಂದಿನ ಅಂಗಡಿಗೆ ನಡೆಯಿರಿ.