ಇಕ್ಕಟ್ಟಿನ ಜಾಗದಲ್ಲಿ ಮೊಳೆ ಹೊಡೆಯುವ ಬಗೆ



ಮಣ್ಣಿನ ಮಾಳಿಗೆಯ ಮನೆ ಇರುವವರು ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಮೆತ್ತುತ್ತೀರಿ. ಆ ಮಣ್ಣನ್ನು ಹೊತ್ತ ಜಂತೆಗಳನ್ನು ಕೆಳಗಿನಿಂದ ನೋಡುವುದು ಮಾತ್ರ ಕಡಿಮೆ. ಜಂತೆಯ ತುದಿ ಗೋಡೆಯೊಳಗೆ ಹೊಕ್ಕಿರುವಲ್ಲಿಯೇ ತೇವ ನಿಲ್ಲುತ್ತದೆ. ಗೆದ್ದಲೂ ಅಲ್ಲಿಂದಲೇ ಏರುತ್ತದೆ. 10 ಅಡಿ ಚೌಕದ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಅದರ ಭಾರ ಸುಮಾರು 45 ಕ್ವಿಂಟಲ್. ನೆನೆದರೆ ಇನ್ನೂ ಹೆಚ್ಚು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾದಾಗ ಕಲ್ಲುಮಣ್ಣಿನ ಗೋಡೆಗಳೂ ಇಂಥ ಭಾರದ ಮಾಳಿಗೆಗಳೂ ಮಲಗಿದ್ದವರ ಮೇಲೆ ಬಿದ್ದು ಸುಮಾರು 10,000 ಜನ ಸತ್ತರು.

ಆದಕಾರಣ ಸುತ್ತಿಗೆ ಹಿಡಿಯುವ ಮೊದಲು ಊರುಗೋಲು ಕೊಡಿ. ಗಟ್ಟಿ ಹಲಗೆಯ ಮೇಲೆ ಕಂಬ ನಿಲ್ಲಿಸಿ, ತಲೆಗೆ ಅಡ್ಡಪಟ್ಟಿ ಇಟ್ಟು, ಬುಡಕ್ಕೆ ಎರಡು ಬೆಣೆಗಳನ್ನು ಎದುರುಬದುರಾಗಿ ಬಡಿದು ಬಿಗಿಮಾಡಿ. ತೊಲೆಯೇ ಬಾಗಿದ್ದರೆ ಅಥವಾ ಗೋಡೆ ಬಿರಿದಿದ್ದರೆ ಅದು ಮೊಳೆಯಿಂದ ಆಗುವ ಕೆಲಸವಲ್ಲ. ಆ ಕೋಣೆಯಲ್ಲಿ ಮಲಗುವುದನ್ನು ಬಿಟ್ಟು ಬಡಗಿಯನ್ನು ಕರೆಯಿರಿ.

ಹಳೆಯ ಜಂತೆಯ ಪಕ್ಕಕ್ಕೆ ಹೊಸದೊಂದನ್ನು ಜೋಡಿಸಿ. ಅದರ ಒಂದು ತುದಿ ತೊಲೆಯ ಮೇಲೆ, ಇನ್ನೊಂದು ತುದಿ ಗೋಡೆಯ ಗೂಡಿನಲ್ಲಿ ಚೆನ್ನಾಗಿ ಕೂರಬೇಕು. ಭಾರ ಹೊರುವುದು ಮರ. ಮೊಳೆ ಅದು ಸರಿಯದಂತೆ ಹಿಡಿಯುತ್ತದೆ, ಅಷ್ಟೆ.

ತೊಡಕು ಇರುವುದು ಇಲ್ಲಿ. ಎರಡು ಜಂತೆಗಳ ನಡುವೆ ಒಂದು ಗೇಣು ಜಾಗ. ಸುತ್ತಿಗೆ ಬೀಸಲು ಬರುವುದಿಲ್ಲ. ನಾನು ಕಲಿತ ಕೃಷಿ ಡಿಪ್ಲೊಮಾದಲ್ಲಿ ಸುತ್ತಿಗೆಯ ಪಾಠ ಇರಲಿಲ್ಲ. ಮೊದಲ ಸಲ ಜೋರು ಮಾಡಿ ಹೊಡೆದು ನಾಲ್ಕು ಮೊಳೆ ಬಾಗಿಸಿದೆ, ಮೇಲಿನ ಮಣ್ಣು ಕಣ್ಣಿಗೆ ಬಿತ್ತು. ಕೆಳಗೆ ನಿಂತಿದ್ದ ಮುದುಕ ಬಡಗಿ, “ಸಾಹೇಬರೇ, ಮೊದಲು ತೂತು ಹಾಕ್ರಿ” ಎಂದರು.

ಅವರು ತೋರಿಸಿದ್ದು ಹೀಗೆ. ಮೊಳೆಗಿಂತ ತುಸು ಸಣ್ಣ ಬೈರಿಗೆಯಿಂದ ಜಂತೆಯ ಪಕ್ಕದಿಂದ ತೊಲೆಯ ಕಡೆಗೆ ಓರೆಯಾಗಿ ತೂತು ಮಾಡಿ. ಮೂರು ಅಂಗುಲದ ಮೊಳೆಯಾದರೆ ತೊಲೆಯಿಂದ ಒಂದು ಅಂಗುಲ ಮೇಲೆ ತೂತು ಆರಂಭವಾಗಲಿ. ಒಣಗಿದ ಜಾಲಿಮರ ಬಹಳ ಗಡಸು, ಅದಕ್ಕೆ ತೂತಿಲ್ಲದೆ ಮೊಳೆ ಇಳಿಯದು. ಮೊಳೆಗೆ ಸಾಬೂನು ಸವರಿ, ಬೆರಳು ಹೋಗದಲ್ಲಿ ಇಕ್ಕಳದಿಂದ ಹಿಡಿದು ತೂತಿಗೆ ಕೂರಿಸಿ. ಬಳಿಕ ಬೆರಳು ದಪ್ಪದ, ಒಂದಡಿ ಉದ್ದದ ಕಬ್ಬಿಣದ ಸರಳಿನ ಚಪ್ಪಟೆ ತುದಿಯನ್ನು ಮೊಳೆಯ ತಲೆಯ ಮೇಲೆ ನೇರವಾಗಿ ಇಟ್ಟು, ಹೊರಗೆ ಉಳಿದ ತುದಿಗೆ ಸುತ್ತಿಗೆಯಿಂದ ಹೊಡೆಯಿರಿ. ಏಟು ಸಣ್ಣದಿರಲಿ. ಇನ್ನೊಬ್ಬರು ಜಂತೆಯ ಆಚೆ ಬದಿಗೆ ದೊಡ್ಡ ಸುತ್ತಿಗೆಯನ್ನು ಒತ್ತಿ ಹಿಡಿದಿರಬೇಕು; ಇಲ್ಲವಾದರೆ ಮರ ಅದುರಿ ಏಟೆಲ್ಲ ವ್ಯರ್ಥವಾಗುತ್ತದೆ, ಮಣ್ಣೂ ಉದುರುತ್ತದೆ. ಆಚೆ ಬದಿಯಿಂದಲೂ ಸಾಧ್ಯವಾದರೆ ಒಂದು ಮೊಳೆ ಹಾಕಿ.

ಕತ್ತಲ ಮೂಲೆಗೆ ಕೈ ಹಾಕುವ ಮೊದಲು ಬ್ಯಾಟರಿ ಬಿಟ್ಟು ನೋಡಿ, ಚೇಳು ಇರುವುದುಂಟು. ಕಣ್ಣಿಗೆ ಕನ್ನಡಕವಿರಲಿ.

ಊರುಗೋಲನ್ನು ಅಂದೇ ತೆಗೆಯಬೇಡಿ. ಒಂದೆರಡು ಮಳೆ ಬಿದ್ದು, ಹೊಸ ಜಂತೆ ಕದಲಿಲ್ಲವೆಂದು ಕಂಡ ಮೇಲೆ ಬೆಣೆಗಳನ್ನು ದಿನಕ್ಕಿಷ್ಟರಂತೆ ಸಡಿಲಿಸಿರಿ.