ಕುಡಿಯುವ ಬಟ್ಟೆ, ಒಣಗುವ ಬಟ್ಟೆ

ಸಾಗರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ, ಚೂಡಿದಾರ್‌ಗಳ ಜೊತೆಗೆ ಮಕ್ಕಳ ಬಟ್ಟೆ ಡೈಪರಿನ ಒಳಪಟ್ಟಿಗಳನ್ನೂ ಹೊಲಿದುಕೊಡುತ್ತೇನೆ. ಹೊರಗಿನ ಕವರ್ ಕೊಂಡೇ ತರಬೇಕು. ನೀರು ದಾಟದ ಪಿಯುಎಲ್ ಬಟ್ಟೆ ಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಒಳಪಟ್ಟಿಗೆ ಮಾತ್ರ ದುಡ್ಡು ಸುರಿಯಬೇಕಾಗಿಲ್ಲ. ಬಂದವರು ಮೊದಲು ಕೇಳುವುದು "ಯಾವ ಬಟ್ಟೆ ಜಾಸ್ತಿ ಹೀರುತ್ತೆ ಅಕ್ಕಾ?" ಅಂತ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಬಿಡದ ಊರಿದು, ಹಾಗಾಗಿ ನಾನು ತಿರುಗಿ ಕೇಳುವುದು "ಒಣಗಿಸೋದು ಎಲ್ಲಿ?" ಅಂತ. ಬಟ್ಟೆಯ ಆಯ್ಕೆ ಅಲ್ಲಿಂದ ಶುರುವಾಗಬೇಕು.

1. ಮೊದಲು ಅಜ್ಜನ ಪಂಚೆ ಹುಡುಕಿ

ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣವಿರುತ್ತದೆ. ತೂಕದಲ್ಲಿ ಶೇ. 1ಕ್ಕೂ ಕಡಿಮೆ, ಆದರೆ ನೀರನ್ನು ಹೊರಗೇ ನಿಲ್ಲಿಸಲು ಅಷ್ಟು ಸಾಕು. ಔಷಧಿ ಅಂಗಡಿಯ ಹತ್ತಿ ನೀರಿಗೆ ಹಾಕಿದ ಕೂಡಲೇ ಮುಳುಗುತ್ತದೆ, ಹಾಸಿಗೆಗೆ ತುಂಬುವ ಹತ್ತಿ ತೇಲುತ್ತದೆ. ವ್ಯತ್ಯಾಸ ಆ ಮೇಣದ್ದು. ಗಿರಣಿಗಳಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಸಿ ಅದನ್ನು ತೆಗೆಯುತ್ತಾರೆ. ಕೋರಾ ಬಟ್ಟೆಯಲ್ಲಿ ಆ ಮೇಣವೂ ಇರುತ್ತದೆ, ನೇಯುವಾಗ ನೂಲಿಗೆ ಹಚ್ಚಿದ ಗಂಜಿಯೂ ಇರುತ್ತದೆ. ಅಗ್ಗ ಎಂದು ಅದನ್ನು ತಂದರೆ ವಾಷಿಂಗ್ ಸೋಡಾ ಹಾಕಿ ಚೆನ್ನಾಗಿ ಕುದಿಸದೆ ಕತ್ತರಿ ಇಡಬೇಡಿ.

ವರ್ಷಗಟ್ಟಲೆ ಒಗೆದ ಪಂಚೆಗೆ ಈ ಯಾವ ಉಪಚಾರವೂ ಬೇಡ. ಗಂಜಿ, ಮೆರುಗು ಎಲ್ಲ ಹೋಗಿ ನೂಲು ಸಡಿಲಗೊಂಡಿರುತ್ತದೆ, ಮೈಗೂ ಮೆತ್ತಗೆ. ಮಡಿಸಿದರೆ ಎಂಟು ಪದರ, ಬಿಡಿಸಿ ಹರವಿದರೆ ಒಂದೇ ಪದರ. ಇಷ್ಟು ಬೇಗ ಒಣಗುವ ಇನ್ನೊಂದನ್ನು ನಾನು ಕಂಡಿಲ್ಲ. ಹಳೇ ನೂಲಿನ ಸೀರೆಗೂ ಇದೇ ಮಾತು. ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಪಂಚೆ ಮಾತ್ರ ಬೇಡ. ಅದು ಅಜ್ಜನಿಗೆ ಇಸ್ತ್ರಿ ತಪ್ಪಿಸಿದ ಬಟ್ಟೆ, ಮೊಮ್ಮಗುವಿಗೆ ಉಪಯೋಗವಿಲ್ಲ.

2. ಅಂಗಡಿಯವರ ಮಾತಿಗಿಂತ ನೀರಿನ ಹನಿಯನ್ನು ನಂಬಿ

ಕಟ್‌ಪೀಸ್ ರಾಶಿಯಲ್ಲಿ "ಪ್ಯೂರ್ ಕಾಟನ್" ಅಲ್ಲದ್ದು ಯಾವುದೂ ಇಲ್ಲ, ಕೇಳಿ ನೋಡಿ. ಅಂಗೈಯಗಲದ ಚೂರು ತಂದು ಒಂದು ಸಲ ಒಗೆದು ಒಣಗಿಸಿ, ಮೇಲೊಂದು ಹನಿ ನೀರು ಬಿಡಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹರಡಿದರೆ ಒಳ್ಳೆಯದು. ಹನಿ ಮುತ್ತಿನಂತೆ ನಿಂತರೆ ಗಂಜಿಯೋ ಮೆರುಗೋ ಪಾಲಿಯೆಸ್ಟರೋ ಇದೆ. ಯಾವುದೆಂದು ತಿಳಿಯಲು ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ, ಬಿಸಿಯಿರುವಾಗ ಮುಟ್ಟಬೇಡಿ.

3. ಹೀರುವುದು ಬೇರೆ, ಹಿಡಿದಿಡುವುದು ಬೇರೆ

ಕಾರು ಒರೆಸುವ ಮೈಕ್ರೋಫೈಬರ್ ಬಟ್ಟೆ ನೀರನ್ನು ಸರ್ರನೆ ಎಳೆದುಕೊಳ್ಳುವುದನ್ನು ಕಂಡು ಅದನ್ನೇ ತರುವವರಿದ್ದಾರೆ. ಅದು ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಎಳೆ. ಮಾಮೂಲಿ ಹವೆಯಲ್ಲಿ ಹತ್ತಿಯ ಎಳೆ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು. ಅಂದರೆ ಮೈಕ್ರೋಫೈಬರಿನ ನೀರು ಎಳೆಯ ಒಳಗೆ ಹೋಗುವುದಿಲ್ಲ, ಎಳೆಗಳ ಸಂದಿಯಲ್ಲಿ ಕೂತಿರುತ್ತದೆ. ಮಗು ಕೂತಿತೋ, ಸೊಂಟದ ಮೇಲೆ ಎತ್ತಿಕೊಂಡಿರೋ, ಹಿಂಡಿದಂತಾಗಿ ತೊಡೆಯ ಸಂದಿಯಿಂದ ಹೊರಬರುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಳಪಟ್ಟಿಯನ್ನು ಒಣಗಿದ್ದಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ನೆನೆಸಿ, ಹನಿ ಬೀಳುವುದು ನಿಲ್ಲುವವರೆಗೆ ತೂಗುಹಾಕಿ, ಮತ್ತೆ ತೂಗಿ. ಆಮೇಲೆ ತಟ್ಟೆಯಲ್ಲಿಟ್ಟು ಮೇಲೆ ಕೆಜಿ ಉಪ್ಪಿನ ಪ್ಯಾಕೆಟ್ ಹೇರಿ, ಎಷ್ಟು ಒಸರಿತು ನೋಡಿ. ಎರಡನೆಯ ತೂಕ ನೋಡಿ ಹಿಗ್ಗಿದವರು ತಟ್ಟೆ ನೋಡಿ ಸುಮ್ಮನಾಗುತ್ತಾರೆ. ಮೈಕ್ರೋಫೈಬರ್ ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ, ಹತ್ತಿಯ ಪದರಗಳ ನಡುವೆ ಇಟ್ಟು ಹೊಲಿಯಿರಿ. ಮಗುವಿನ ಚರ್ಮಕ್ಕೆ ನೇರವಾಗಿ ತಾಗಬಾರದು. ಅದರ ಸೀಳಿದ ಸಣ್ಣ ಎಳೆಗಳು ಒರಟು, ಚರ್ಮದ ಪಸೆಯನ್ನೂ ಎಳೆಯುತ್ತವೆ.

4. ಬಿದಿರಿನ ಬಟ್ಟೆಯಲ್ಲಿ ಬಿದಿರು ಎಷ್ಟು?

"ಬಿದಿರಿಂದೇ ಬೇಕು ಅಕ್ಕಾ, ನ್ಯಾಚುರಲ್ ಅಂತೆ" ಎನ್ನುವವರು ಈಚೆಗೆ ಹೆಚ್ಚು. ಮಾರುಕಟ್ಟೆಗೆ ಬರುವ ಬಿದಿರು ಬಟ್ಟೆಯಲ್ಲಿ ಬಹುಪಾಲು ವಿಸ್ಕೋಸ್, ಅಂದರೆ ರೇಯಾನ್. ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ತೂತುಗಳಿಂದ ಎಳೆ ತೆಗೆದದ್ದು. ಕರಗಿದ ಮೇಲೆ ಅದು ಬಿದಿರೋ ನೀಲಗಿರಿಯೋ ಎಂದು ಎಳೆ ನೋಡಿ ಹೇಳುವುದು ಕಷ್ಟ. ರೇಯಾನನ್ನು ಬಿದಿರು ಎಂದು ಚೀಟಿ ಅಂಟಿಸಿ ಮಾರಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಕೆಲವು ಕಂಪನಿಗಳ ಮೇಲೆ ಕ್ರಮ ಕೈಗೊಂಡಿತ್ತು.

ಹಾಗೆಂದು ಬಟ್ಟೆ ಕೆಟ್ಟದ್ದಲ್ಲ. ವಿಸ್ಕೋಸ್ ಹತ್ತಿಗಿಂತ ಹೆಚ್ಚು ನೀರು ಹಿಡಿಯುತ್ತದೆ, ಬಹಳ ಮೆತ್ತಗೆ. ತೊಂದರೆ ಎರಡು. ಹಿಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ ನಮ್ಮ ಆಷಾಢದಲ್ಲಿ ಬೆಳಿಗ್ಗೆ ಹಾಕಿದ್ದು ಮರುದಿನವೂ ತಣ್ಣಗಿರುತ್ತದೆ. ಎರಡನೆಯದು, ಒದ್ದೆಯಾದಾಗ ಹತ್ತಿಯ ಬಲ ಹೆಚ್ಚುತ್ತದೆ, ವಿಸ್ಕೋಸಿನದು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎತ್ತಿ ಬಡಿಯುವ ಮನೆಯಲ್ಲಿ ಅದು ಬಾಳುವುದಿಲ್ಲ. ಮಷೀನ್ ಇದ್ದು, ಬಿಸಿಲೂ ಸಿಗುವ ಬೆಂಗಳೂರಿನ ಟೆರೇಸಿಗೆ ಧಾರಾಳವಾಗಿ ತಗೊಳ್ಳಿ. ಹತ್ತಿ ಬೆರೆತದ್ದಾದರೆ ಇನ್ನೂ ಒಳ್ಳೆಯದು.

5. ಟರ್ಕಿ ಟವೆಲ್, ಬನಿಯನ್ ಬಟ್ಟೆ, ಫ್ಲಾನೆಲ್

ಟರ್ಕಿ ಟವೆಲಿನ ಕುಣಿಕೆಗಳಿಂದಾಗಿ ಅಷ್ಟೇ ಜಾಗದಲ್ಲಿ ನೂಲು ಹೆಚ್ಚು, ನೀರೂ ಹೆಚ್ಚು. ತೀರ ದಪ್ಪದ್ದು ಬೇಡ. 400 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆಸುಪಾಸಿನದು ಎರಡು ಪದರ ಸಾಕು. ಹೊಸ ಟವೆಲಿಗೆ ಮೆತ್ತಗಾಗಲೆಂದು ಸಿಲಿಕೋನ್ ಬಳಿದಿರುವುದುಂಟು, ನಾಲ್ಕಾರು ಒಗೆತ ಕಾಣದೆ ಹೀರುವುದಿಲ್ಲ. ಮನೆಯಲ್ಲಿ ಸವೆದದ್ದೇ ಇದ್ದರೆ ಅದೇ ಮೇಲು.

ಹಳೇ ಬನಿಯನ್, ಟೀಶರ್ಟ್‌ಗಳ ಹೊಸೈರಿ ಬಟ್ಟೆ ಮೈಗೆ ತಾಗುವ ಮೇಲ್ಪದರಕ್ಕೆ ಚೆಂದ. ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಹೊಲಿಯುವಾಗ ಎಳೆಯಬೇಡಿ. ಫ್ಲಾನೆಲ್ ಬೆಚ್ಚಗೆ, ಬೇಗ ಹೀರುತ್ತದೆ. ಒಂದೆರಡು ಪದರಕ್ಕೆ ಬೇಗ ತುಂಬಿಯೂ ಹೋಗುತ್ತದೆ. ಸೆಣಬಿನಂಥ ನಾರಿನ ಹೆಂಪ್ ಸಿಕ್ಕರೆ ತಳದ ಪದರಕ್ಕೆ ಹಾಕಿ. ನಿಧಾನಕ್ಕೆ ಹೀರಿ ಬಿಗಿಯಾಗಿ ಹಿಡಿಯುತ್ತದೆ. ಬೆಲೆ ನೋಡಿದರೆ ನಮ್ಮಲ್ಲಿ ಕೇಳುವವರೇ ಇಲ್ಲ.

ಎಲ್ಲವನ್ನೂ ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಎರಡು ಸಲ ಒಗೆಯಿರಿ. ಟವೆಲ್ ಒಂದು ಅಳತೆಗೆ, ಹೊಸೈರಿ ಇನ್ನೊಂದು ಅಳತೆಗೆ ಕುಗ್ಗಿದರೆ ಒಳಪಟ್ಟಿ ಸೊಟ್ಟಗಾಗುತ್ತದೆ.

6. ಬೇಗ ಹೀರುವುದು ಮೇಲೆ, ಹಿಡಿದಿಡುವುದು ಕೆಳಗೆ

ಮಗು ಉಚ್ಚೆ ಮಾಡುವುದು ಒಮ್ಮೆಲೇ. ಆ ಕ್ಷಣಕ್ಕೆ ಮೇಲ್ಪದರ ಎಳೆದುಕೊಳ್ಳದಿದ್ದರೆ ಅಡಿಯಲ್ಲಿ ಎಷ್ಟು ಪದರವಿದ್ದರೂ ನೀರು ಪಕ್ಕಕ್ಕೆ ಹರಿಯುತ್ತದೆ. ತೆಳು ಹತ್ತಿಯ ಮಲ್ ಬಟ್ಟೆಯೋ ಹೊಸೈರಿಯೋ ಮೇಲೆ, ಟವೆಲ್ ನಡುವೆ, ವಿಸ್ಕೋಸ್ ಅಥವಾ ಹೆಂಪ್ ಅಡಿಗೆ. ರಾತ್ರಿಗೆ ಉದ್ದಕ್ಕೂ ಪದರ ಹೆಚ್ಚಿಸುವ ಬದಲು ಗಂಡುಮಗುವಿಗೆ ಮುಂದೆ, ಹೆಣ್ಣುಮಗುವಿಗೆ ನಡುವೆ ಒಂದು ಸಣ್ಣ ಪಟ್ಟಿ ಸೇರಿಸಿ.

7. ಹೊಲಿಗೆ ಕಡಿಮೆಯಿದ್ದಷ್ಟೂ ಒಳ್ಳೆಯದು

ಹೊಲಿಗೆಯವಳೇ ಹೀಗೆ ಹೇಳಿದರೆ ಹೊಟ್ಟೆಪಾಡಿನ ಗತಿಯೇನು ಎಂದು ನಮ್ಮ ಅತ್ತೆ ಕೇಳುತ್ತಾರೆ. ಧಾರವಾಡದ ಕಡೆಯ ಕೌದಿಯಂತೆ ಉದ್ದಕ್ಕೂ ಒತ್ತೊತ್ತಾಗಿ ಹೊಲಿದರೆ ಪದರಗಳು ಜಾರುವುದಿಲ್ಲ, ನಿಜ. ಆದರೆ ಆರು ಪದರ ಒಟ್ಟಿಗೆ ಬಿಗಿದರೆ ನಡುವಿನದಕ್ಕೆ ಗಾಳಿ ಹೋಗದೆ ಮಳೆಗಾಲದಲ್ಲಿ ಮುಗ್ಗುತ್ತದೆ. ಎರಡು ಪದರದ ಉದ್ದನೆಯ ಪಟ್ಟಿ ಹೊಲಿದು, ಹಾಕುವಾಗ ಮೂರು ಮಡಿಕೆ ಮಾಡಿ. ಒಗೆದ ಮೇಲೆ ಬಿಡಿಸಿ ಹರವಿ. ಪಟ್ಟಿಯ ತುದಿ ಕವರಿನಿಂದ ಇಣುಕದಂತೆ ಅಳತೆ ಇಡಿ. ಒಂದು ಎಳೆ ಹೊರಗಿದ್ದರೂ ಅದರಗುಂಟ ನೀರು ಏರಿ ಅಂಗಿ ನೆನೆಯುತ್ತದೆ.

8. ಬಟ್ಟೆ ಹೀರುವುದನ್ನು ಬಿಟ್ಟರೆ ಬಟ್ಟೆಯನ್ನು ಬೈಯಬೇಡಿ

ಮೂರು ತಿಂಗಳಿಗೆ "ಈಗ ಸೋರ್ತಿದೆ" ಎಂದು ವಾಪಸ್ ತರುತ್ತಾರೆ. ಹನಿ ಹಾಕಿ ನೋಡಿದರೆ ಹನಿ ನಿಲ್ಲುತ್ತದೆ. ಹೆಚ್ಚಾಗಿ ಕಾರಣ ಎಣ್ಣೆ. ಕೂಸಿಗೆ ಎಣ್ಣೆ ಉಜ್ಜಿ, ಮೀಯಿಸಿ, ಪಸೆ ಆರುವ ಮೊದಲೇ ಡೈಪರ್ ಕಟ್ಟುತ್ತೇವೆ. ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಎಳೆಗೆ ಮೆತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಹಳೇ ಪಂಚೆಯ ತುಂಡು ಕಟ್ಟಿ, ಒಳ್ಳೆಯ ಪಟ್ಟಿಗಳನ್ನು ಆಮೇಲೆ ತೆಗೆಯಿರಿ. ಎರಡನೆಯ ಕಾರಣ ಫ್ಯಾಬ್ರಿಕ್ ಕಂಡೀಷನರ್. ಬಟ್ಟೆ ನುಣುಪಾಗುವುದೇ ಎಳೆಗಳ ಮೇಲೆ ಅದು ಪದರ ಕಟ್ಟುವುದರಿಂದ. ಬಯಲುಸೀಮೆಗೆ ಹೋದ ಪಟ್ಟಿಗಳಲ್ಲಿ ಮೂರನೆಯದು ಕಾಣುತ್ತದೆ: ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಬಾರ್ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗಿ ಕೂರುತ್ತದೆ. ಅಲ್ಲಿ ಸೋಪಿಗಿಂತ ಡಿಟರ್ಜೆಂಟ್ ಪುಡಿ ವಾಸಿ. ಮೂರಕ್ಕೂ ಮದ್ದು ಒಂದೇ. ಬಿಸಿನೀರಿಗೆ ಪುಡಿ, ಸ್ವಲ್ಪ ವಾಷಿಂಗ್ ಸೋಡಾ ಹಾಕಿ ನೆನೆಸಿ, ನೊರೆ ಬರುವುದು ನಿಲ್ಲುವವರೆಗೆ ಜಾಲಿಸಿ.

9. ಒಣಗಿತೆಂದು ಬೆರಳು ಹೇಳಿದರೆ ಸಾಲದು

ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿದ ಪಟ್ಟಿ ಮುಟ್ಟಲು ಗರಿಗರಿ, ಒಳಗಿನ್ನೂ ತೇವ. ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಇಸ್ತ್ರಿ ಪೆಟ್ಟಿಗೆ ಆಡಿಸಿ, ಹತ್ತಿ ಇಸ್ತ್ರಿಯ ಹೆಚ್ಚಿನ ಕಾವನ್ನೂ ತಡೆಯುತ್ತದೆ. ಮೈಕ್ರೋಫೈಬರ್ ಸೇರಿಸಿ ಹೊಲಿದದ್ದಾದರೆ ಬೇಡ, ಕರಗುತ್ತದೆ.