‘ಹೊಸದು ಯಾವುದು?’ ಅನ್ನಬೇಡಿ, ‘ನನಗೀಗ ಯಾವುದು?’ ಅನ್ನಿ

ಮಲ್ಟಿಪಲ್ ಮೈಲೋಮಾ ಎಂಬ ರಿಪೋರ್ಟು ಕೈಸೇರಿದ ವಾರದಲ್ಲೇ ಫೋನಿಗೆ ಸುದ್ದಿಗಳು ಬರತೊಡಗುತ್ತವೆ. ಭಾವಮೈದ ಒಂದು ವಿಡಿಯೊ ಕಳಿಸುತ್ತಾನೆ, ಅಮೆರಿಕದಲ್ಲಿರುವ ಅಕ್ಕನ ಮಗಳು ಒಂದು ಲೇಖನ ಕಳಿಸುತ್ತಾಳೆ. ಎಲ್ಲರದೂ ಒಂದೇ ಮಾತು: ಹೊಸ ಚಿಕಿತ್ಸೆ ಬಂದಿದೆಯಂತೆ, ಅದನ್ನೇ ಕೊಡಿಸಿ. ಅವರ ಪ್ರೀತಿ ನಿಜ, ಸುದ್ದಿಯೂ ಬಹುಪಾಲು ನಿಜವೇ. ಆದರೆ ಆ ಸುದ್ದಿ ನಿಮ್ಮ ಮೈಗೆ ಹೊಂದುತ್ತದೆಯೇ, ನಿಮ್ಮ ಮನೆಗೆ ಹೊಂದುತ್ತದೆಯೇ ಎಂದು ನೋಡುವ ಕೆಲಸ ನಿಮ್ಮದು ಮತ್ತು ನಿಮ್ಮ ವೈದ್ಯರದು. ವಯಸ್ಸಿನಲ್ಲೂ ಈ ಕಾಯಿಲೆಯಲ್ಲೂ ನಿಮಗಿಂತ ಹಿರಿಯಳಾದ್ದರಿಂದ ಸಲಿಗೆಯಿಂದ ಹೇಳುತ್ತಿದ್ದೇನೆ. ಎಲ್ಲಕ್ಕಿಂತ ಹೊಸ ಔಷಧ ಯಾವುದು ಎಂದು ಹುಡುಕುತ್ತ ಹೋದರೆ ತಲೆ ಕೆಡುತ್ತದೆ. ನನ್ನ ಕಾಯಿಲೆ ಈಗ ಇರುವ ಹಂತಕ್ಕೆ ಯಾವುದು ಸರಿ ಎಂದು ಕೇಳಿದರೆ ದಾರಿ ಕಾಣುತ್ತದೆ.

ಅದಕ್ಕೆ ಮೊದಲು ನಿಮ್ಮ ಫೈಲನ್ನು ನೀವೇ ಓದಲು ಕಲಿಯಿರಿ. ಮೂಳೆಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂಬ ಬಿಳಿ ರಕ್ತಕಣಗಳಿವೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ಕೆಲಸ. ಅವುಗಳಲ್ಲಿ ಒಂದು ಹಾದಿ ತಪ್ಪಿ ತನ್ನಂಥವನ್ನೇ ಹುಟ್ಟಿಸುತ್ತ, ಕೆಲಸಕ್ಕೆ ಬಾರದ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುವುದೇ ಈ ಕಾಯಿಲೆ. ಆ ಪ್ರೋಟೀನಿಗೆ ಎಂ ಪ್ರೋಟೀನ್ ಎನ್ನುತ್ತಾರೆ. ಈ ಕಾಯಿಲೆಯಿಂದ ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಕ್ಯಾಲ್ಸಿಯಂ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಹಾಗಾಗಿ ನಿಮ್ಮ ಎಂ ಪ್ರೋಟೀನ್ ಐಜಿಜಿ ಬಗೆಯೋ, ಐಜಿಎ ಬಗೆಯೋ, ಬರೀ ಲೈಟ್ ಚೈನ್ ಬಗೆಯೋ ಎಂದು ಕೇಳಿ ತಿಳಿದುಕೊಳ್ಳಿ. ಎಂ ಪ್ರೋಟೀನ್, ಫ್ರೀ ಲೈಟ್ ಚೈನ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಕ್ಯಾಲ್ಸಿಯಂ ಇವುಗಳ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಪ್ರಕಾರ ಬರೆಯುತ್ತ ಹೋಗಿ. ಮೂಳೆಮಜ್ಜೆಯ ಫಿಶ್ ಪರೀಕ್ಷೆಯಲ್ಲಿ ವರ್ಣತಂತುಗಳ ಯಾವ ಬದಲಾವಣೆ ಕಂಡಿದೆ ಎಂಬುದನ್ನೂ ಬರೆದಿಡಿ. 17ನೆಯ ವರ್ಣತಂತುವಿನ ತುಂಡು ಕಳಚಿರುವುದು, 4 ಮತ್ತು 14ರ ನಡುವೆ ಅದಲುಬದಲು ಆಗಿರುವುದು, ಇಂಥವು ಕಾಯಿಲೆಯ ರಭಸವನ್ನು ಹೇಳುತ್ತವೆ. ತೆಗೆದುಕೊಂಡ ಔಷಧ, ಎಷ್ಟು ಸೈಕಲ್, ಯಾಕೆ ನಿಲ್ಲಿಸಿದರು ಎಂಬ ವಿವರವೂ ಅದೇ ಪುಸ್ತಕದಲ್ಲಿರಲಿ. ನಾಳೆ ಯಾವ ಊರಿನ ಯಾವ ವೈದ್ಯರ ಮುಂದೆ ಕೂತರೂ ಅವರು ಮೊದಲು ಕೇಳುವುದು ಇದನ್ನೇ.

ಇನ್ನು, ಈ ಕಾಯಿಲೆಯ ಔಷಧಗಳಲ್ಲಿ ಹೊಸದು ಬಹಳ ಬೇಗ ದಿನಬಳಕೆಯದಾಗುತ್ತದೆ ಎಂಬುದು ತಿಳಿದಿರಲಿ. 1960ರ ದಶಕದಲ್ಲಿ ಇದ್ದದ್ದು ಮೆಲ್ಫಲಾನ್ ಮತ್ತು ಸ್ಟೀರಾಯ್ಡ್ ಅಷ್ಟೇ. 1983ರಲ್ಲಿ ಲಂಡನ್ನಿನ ವೈದ್ಯರು ಅದೇ ಮೆಲ್ಫಲಾನನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಇಂದು ನಮ್ಮದೇ ಕಾಂಡಕೋಶಗಳನ್ನು ತೆಗೆದಿಟ್ಟು ಮರಳಿ ಕೊಡುವ ಟ್ರಾನ್ಸ್‌ಪ್ಲಾಂಟ್ ಬೆಳೆದದ್ದು ಅಲ್ಲಿಂದ. 1990ರ ದಶಕದ ಕೊನೆಗೆ ಅಮೆರಿಕದ ಅರ್ಕಾನ್ಸಾಸ್‌ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ರೋಗಿಯ ಹೆಂಡತಿ, ಇನ್ನೇನಾದರೂ ದಾರಿ ಇದೆಯೇ ಎಂದು ಬಾಸ್ಟನ್ನಿನ ವಿಜ್ಞಾನಿ ಜೂಡಾ ಫೋಕ್‌ಮನ್ ಅವರನ್ನು ಫೋನಿನಲ್ಲಿ ಕೇಳಿದರು. ಅವರು ಸೂಚಿಸಿದ್ದು ಥಾಲಿಡೊಮೈಡ್. ಗರ್ಭಿಣಿಯರು ನುಂಗಿ ಸಾವಿರಾರು ಮಕ್ಕಳು ಅಂಗವಿಕಲರಾಗಿ ಹುಟ್ಟಿದ್ದರಿಂದ 1961ರ ಹೊತ್ತಿಗೆ ಮಾರುಕಟ್ಟೆಯಿಂದ ಹೊರಬಿದ್ದ ಮಾತ್ರೆ ಅದು. ಆಕೆಯ ಗಂಡನಿಗೆ ಅದು ಹಿಡಿಯಲಿಲ್ಲ. ಆದರೆ ಮುಂದೆ ಕೊಟ್ಟವರಲ್ಲಿ ಕೆಲವರಿಗೆ ಹಿಡಿಯಿತು. 84 ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಪ್ರಯೋಜನವಾಯಿತೆಂದು 1999ರಲ್ಲಿ ವರದಿ ಬಂತು. ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ.

ಆಮೇಲೆ ಬಂದವು 2003ರಲ್ಲಿ ಬೋರ್ಟೆಜೊಮಿಬ್, 2006ರಲ್ಲಿ ಲೆನಲಿಡೊಮೈಡ್, 2015ರಲ್ಲಿ ಡಾರಾಟುಮುಮ್ಯಾಬ್. ಇವು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ವರ್ಷಗಳು. ಮೊದಲೆರಡು ಈಗ ನಮ್ಮ ದೇಶದ ಕಂಪನಿಗಳೇ ತಯಾರಿಸುವ ಜೆನೆರಿಕ್ ರೂಪದಲ್ಲಿ ಸಿಗುತ್ತವೆ. ಹೊಟ್ಟೆಗೆ ಚುಚ್ಚುವ ಬೋರ್ಟೆಜೊಮಿಬ್, ರಾತ್ರಿ ನುಂಗುವ ಲೆನಲಿಡೊಮೈಡ್, ವಾರಕ್ಕೊಮ್ಮೆಯ ಡೆಕ್ಸಾ ಎಂಬ ಸ್ಟೀರಾಯ್ಡ್ ಇವನ್ನೇ ನಿಮಗೂ ಬರೆದುಕೊಟ್ಟಿದ್ದರೆ, ಹಳೆಯದನ್ನು ಕೊಟ್ಟು ಕೈ ತೊಳೆದುಕೊಂಡರು ಎಂದು ಕೊರಗಬೇಡಿ. ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲೂ ಇವೇ ಅಡಿಪಾಯ. ಇವುಗಳ ಜೊತೆಗೆ ಡಾರಾಟುಮುಮ್ಯಾಬ್ ಸೇರಿಸಿದರೆ ಏನಾಗುತ್ತದೆ ಎಂದು ಪರ್ಸಿಯಸ್ ಎಂಬ ಅಧ್ಯಯನ ನೋಡಿತು. ಟ್ರಾನ್ಸ್‌ಪ್ಲಾಂಟಿಗೆ ತಕ್ಕವರಾದ 709 ಹೊಸ ರೋಗಿಗಳಲ್ಲಿ ನಾಲ್ಕು ಔಷಧ ಪಡೆದವರ ಪೈಕಿ ನಾಲ್ಕು ವರ್ಷದ ಬಳಿಕವೂ ಕಾಯಿಲೆ ಮರುಕಳಿಸದೆ ಇದ್ದವರ ಪ್ರಮಾಣ ಸುಮಾರು ಶೇ 84, ಮೂರೇ ಔಷಧ ಪಡೆದವರಲ್ಲಿ ಸುಮಾರು ಶೇ 68. ನಾಲ್ಕನೆಯದು ಸೇರಿದರೆ ಲಾಭ ಇದೆ. ಮೂರರಿಂದಲೂ ಬಹಳ ಜನ ಚೆನ್ನಾಗಿದ್ದಾರೆ ಎಂಬುದೂ ಅದೇ ಅಂಕಿಯೊಳಗಿದೆ. ಎರಡನ್ನೂ ಓದಿಕೊಳ್ಳಿ.

ಈ ಕಾಯಿಲೆಗೆ ಮರುಕಳಿಸುವ ಸ್ವಭಾವವಿದೆ. ಗರಿಕೆ ಕಿತ್ತ ಹೊಲದಲ್ಲಿ ಬೇರಿನ ತುಣುಕು ಉಳಿದರೆ ಮಳೆ ಬಿದ್ದಾಗ ಹೇಗೆ ಚಿಗುರುತ್ತದೋ ಹಾಗೆ, ಕಣ್ಣಿಗೆ ಕಾಣದಷ್ಟು ಉಳಿದ ಕೋಶಗಳಿಂದ ಅದು ಮತ್ತೆ ತಲೆ ಎತ್ತಬಹುದು. ಲಕ್ಷ ಕೋಶಗಳಲ್ಲಿ ಒಂದು ಉಳಿದಿದ್ದರೂ ಹಿಡಿಯಬಲ್ಲ ಎಂಆರ್‌ಡಿ ಎಂಬ ಪರೀಕ್ಷೆ ಈಗ ಇರುವುದು ಅದಕ್ಕಾಗಿಯೇ. ವೈದ್ಯರು ‘ಫಸ್ಟ್ ಲೈನ್’, ‘ಸೆಕೆಂಡ್ ಲೈನ್’ ಎನ್ನುವುದು ಕಾಯಿಲೆ ಮರುಕಳಿಸಿದಂತೆಲ್ಲ ಬದಲಾಗುವ ಚಿಕಿತ್ಸೆಯ ಸರದಿಗಳ ಬಗ್ಗೆ. ಯಾವುದೇ ಹೊಸ ಚಿಕಿತ್ಸೆಯ ಸುದ್ದಿ ಕೇಳಿದಾಗ ಮೊದಲ ಪ್ರಶ್ನೆ ಇದಾಗಿರಲಿ: ಅದು ಎಷ್ಟನೆಯ ಸರದಿಯವರಿಗೆ? ಅಲ್ಲಿ ನಾನಿದ್ದೇನೆಯೇ?

ಈಗ ಹೆಚ್ಚು ಸುದ್ದಿಯಲ್ಲಿರುವ ಎರಡು ಬಗೆಯ ಚಿಕಿತ್ಸೆಗಳನ್ನು ನೋಡೋಣ. ಒಂದು ಕಾರ್-ಟಿ. ನಮ್ಮ ರಕ್ತದಿಂದ ಟಿ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಅವುಗಳ ವಂಶವಾಹಿ ತಿದ್ದಿ, ಮೈಲೋಮಾ ಕೋಶದ ಮೇಲಿರುವ ಬಿಸಿಎಂಎ ಎಂಬ ಗುರುತನ್ನು ಹುಡುಕಿ ಕೊಲ್ಲುವಂತೆ ಮಾಡಿ, ಒಂದೇ ಸಲ ಮರಳಿ ದೇಹಕ್ಕೆ ಬಿಡುತ್ತಾರೆ. ತಯಾರಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಕಾಯಿಲೆಯನ್ನು ಹತೋಟಿಯಲ್ಲಿಡಲು ಬೇರೆ ಔಷಧ ಬೇಕಾಗಬಹುದು. ಕೊಟ್ಟ ಮೇಲೆ ಜೋರು ಜ್ವರ, ರಕ್ತದೊತ್ತಡದ ಇಳಿತ, ಕೆಲವರಿಗೆ ಗೊಂದಲ, ಮಾತಿನ ತೊದಲು ಬರಬಹುದು. ಆದ್ದರಿಂದ ಕೆಲವು ವಾರ ಆಸ್ಪತ್ರೆಯ ಹತ್ತಿರವೇ ಇರಬೇಕು, ಜೊತೆಗೆ ಒಬ್ಬರು ಇರಲೇಬೇಕು. ಅಪರೂಪಕ್ಕೆ ಇದರಿಂದಲೇ ಬೇರೊಂದು ರಕ್ತದ ಕ್ಯಾನ್ಸರ್ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಎಚ್ಚರಿಕೆಯನ್ನೂ ಬರೆಸಿದ್ದಾರೆ.

ಎರಡನೆಯದು ಬೈಸ್ಪೆಸಿಫಿಕ್ ಪ್ರತಿಕಾಯಗಳು. ಒಂದು ಕೈಯಿಂದ ಮೈಲೋಮಾ ಕೋಶವನ್ನು, ಇನ್ನೊಂದು ಕೈಯಿಂದ ನಮ್ಮ ಟಿ ಕೋಶವನ್ನು ಹಿಡಿದು ಹತ್ತಿರ ತರುವ ಚುಚ್ಚುಮದ್ದು. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಕ್ಲಿಸ್ಟಮ್ಯಾಬ್ ಈ ಬಗೆಯದು. ಕಾರ್-ಟಿಯಂತೆ ನಮಗಾಗಿಯೇ ತಯಾರಿಸಬೇಕಾಗಿಲ್ಲ, ಸಿದ್ಧವಾಗಿ ಸಿಗುತ್ತದೆ. ಆದರೆ ಮೊದಲ ಡೋಸುಗಳನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಆಸ್ಪತ್ರೆಯಲ್ಲೇ ಕೊಡಬೇಕು, ಆಮೇಲೂ ಮುಂದುವರಿಸಬೇಕು, ಸೋಂಕಿನ ಭಯ ಹೆಚ್ಚು. ಇದೇ ಗುಂಪಿನ ಟಾಲ್ಕೆಟಮ್ಯಾಬ್ ಬೇರೊಂದು ಗುರುತನ್ನು ಹಿಡಿಯುತ್ತದೆ. ಅದನ್ನು ಪಡೆದ ಬಹಳ ಜನರಿಗೆ ನಾಲಿಗೆಯ ರುಚಿ ಕೆಡುತ್ತದೆ, ಉಗುರು ಹಾಳಾಗುತ್ತದೆ. ಊಟ ಸೇರದೆ ತೂಕ ಇಳಿಯುವುದು ಸಣ್ಣ ವಿಷಯವಲ್ಲ, ಮೊದಲೇ ಕೇಳಿ ಸಿದ್ಧರಾಗಬೇಕು.

ಸುದ್ದಿಯ ಅಂಕಿಗಳನ್ನು ಓದುವುದನ್ನೂ ಕಲಿಯಬೇಕು. ಟೆಕ್ಲಿಸ್ಟಮ್ಯಾಬ್‌ನ ಮುಖ್ಯ ಅಧ್ಯಯನದಲ್ಲಿ 165 ರೋಗಿಗಳಲ್ಲಿ ಶೇ 63 ಮಂದಿ ಸ್ಪಂದಿಸಿದರು. ಸ್ಪಂದಿಸುವುದು ಅಂದರೆ ಸ್ಥೂಲವಾಗಿ ಎಂ ಪ್ರೋಟೀನ್ ಅರ್ಧಕ್ಕಿಂತ ಕೆಳಗಿಳಿಯುವುದು, ವಾಸಿಯಾಗುವುದಲ್ಲ. ಅದೇ ಅಧ್ಯಯನದಲ್ಲಿ ನಾಲ್ವರಲ್ಲಿ ಮೂವರಿಗೆ ಯಾವುದಾದರೊಂದು ಸೋಂಕು ತಗುಲಿತು. ಸಿಲ್ಟಾ-ಸೆಲ್ ಎಂಬ ಕಾರ್-ಟಿ ಪಡೆದ 97 ಜನರಲ್ಲಿ 32 ಮಂದಿ ಐದು ವರ್ಷವಾದರೂ ಬೇರೆ ಮೈಲೋಮಾ ಔಷಧವಿಲ್ಲದೆ, ಕಾಯಿಲೆ ಮರುಕಳಿಸದೆ ಇದ್ದಾರೆಂದು 2025ರಲ್ಲಿ ಪ್ರಕಟವಾಯಿತು. ಅವರೆಲ್ಲ ಅದಕ್ಕೆ ಮೊದಲು ಹಲವು ಚಿಕಿತ್ಸೆಗಳನ್ನು ಮುಗಿಸಿಕೊಂಡು ಬಂದವರು ಎಂದು ನೆನೆದರೆ ಇದು ದೊಡ್ಡ ಮಾತು. ಉಳಿದ ಮೂರನೆಯ ಎರಡು ಭಾಗದವರಿಗೆ ಹಾಗಾಗಲಿಲ್ಲ ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಆಸೆಪಡಿ. ಅಂಥ ಆಸೆಗೆ ಗಟ್ಟಿ ನೆಲ ಇರುತ್ತದೆ.

ನಮ್ಮಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಶ್ರಮದಿಂದ ಬಂದ ನೆಕ್ಸ್‌ಕಾರ್19 ಎಂಬ ಕಾರ್-ಟಿಗೆ 2023ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರಲ್ಲಿ ಕಾರ್ಟೆಮಿ ತಂದಿತು. ಹೆಮ್ಮೆಪಡುವಂಥ ಕೆಲಸಗಳು. ಆದರೆ ಇವೆರಡೂ ಹುಡುಕುವುದು ಸಿಡಿ19 ಎಂಬ ಗುರುತನ್ನು, ಒಪ್ಪಿಗೆ ಇರುವುದು ಬಿ ಕೋಶದ ಲಿಂಫೋಮಾ, ಲ್ಯುಕೀಮಿಯಾಗಳಿಗೆ. ಮೈಲೋಮಾಕ್ಕೆ ಬೇಕಾದ ಗುರುತು ಬೇರೆ. ‘ಭಾರತದಲ್ಲೇ ಅಗ್ಗದ ಕಾರ್-ಟಿ’ ಎಂಬ ತಲೆಬರಹ ನೋಡಿ ಮನೆ ಅಡವಿಡಲು ಹೊರಡುವ ಮೊದಲು ‘ಯಾವ ಗುರುತಿಗೆ, ಯಾವ ಕಾಯಿಲೆಗೆ?’ ಎಂದು ಕೇಳಿ. ಮೈಲೋಮಾದ ಕಾರ್-ಟಿ ಪ್ರಯೋಗಕ್ಕೆ ಸೇರುವ ಅವಕಾಶ ಬಂದರೆ ಹೆದರಿ ಓಡಬೇಡಿ, ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಡಿ. ಅದು ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿದೆಯೇ ನೋಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ, ತಿಳಿಯುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ.

ಹಣದ ಮಾತನ್ನು ಸಂಕೋಚವಿಲ್ಲದೆ ಆಡಿ. ಈ ಕಾಯಿಲೆಗೆ ವರ್ಷಗಟ್ಟಲೆ ಔಷಧ ಬೇಕು. ಮೊದಲ ಆರು ತಿಂಗಳಲ್ಲೇ ಕೂಡಿಟ್ಟದ್ದೆಲ್ಲ ಮುಗಿದು, ಚೆನ್ನಾಗಿ ಹಿಡಿಯುತ್ತಿದ್ದ ಔಷಧವನ್ನು ನಡುವೆ ನಿಲ್ಲಿಸಬೇಕಾಗುವುದು ಎಲ್ಲಕ್ಕಿಂತ ಕೆಟ್ಟದ್ದು. ‘ಇದನ್ನು ಎಷ್ಟು ಕಾಲ ತೆಗೆದುಕೊಳ್ಳಬೇಕು, ತಿಂಗಳಿಗೆ ಎಷ್ಟಾಗುತ್ತದೆ, ಇಷ್ಟೇ ಗುಣದ ಅಗ್ಗದ ದಾರಿ ಇದೆಯೇ?’ ಎಂದು ಮೊದಲ ದಿನವೇ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಔಷಧ ಅದರ ಪ್ಯಾಕೇಜಿನಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. 2025ರ ಕೇಂದ್ರ ಬಜೆಟ್ಟಿನಲ್ಲಿ 36 ಜೀವರಕ್ಷಕ ಔಷಧಗಳ ಆಮದು ಸುಂಕ ತೆಗೆದರು, ಆ ಪಟ್ಟಿಯಲ್ಲಿ ಡಾರಾಟುಮುಮ್ಯಾಬ್ ಇದೆ. ಹಾಗಾಗಿ ಹಿಂದೆ ಕೇಳಿದ ಬೆಲೆಯನ್ನೇ ನಂಬಿ ಕೂರದೆ ಈಗಿನದನ್ನು ಮತ್ತೆ ಕೇಳಿ.

ದೊಡ್ಡ ಔಷಧಗಳ ಸುದ್ದಿಯಲ್ಲಿ ಸಣ್ಣ ಎಚ್ಚರಿಕೆಗಳು ಕಳೆದುಹೋಗಬಾರದು. ಡಾರಾಟುಮುಮ್ಯಾಬ್ ಶುರುಮಾಡುವ ಮೊದಲೇ ರಕ್ತದ ಗುಂಪಿನ ಪೂರ್ತಿ ಪರೀಕ್ಷೆ ಮಾಡಿಸಿ, ರಿಪೋರ್ಟು ಜೊತೆಗಿಟ್ಟುಕೊಳ್ಳಿ. ಆ ಔಷಧ ಕೆಂಪು ರಕ್ತಕಣಗಳಿಗೂ ಅಂಟುವುದರಿಂದ ಆಮೇಲೆ ರಕ್ತ ಹೊಂದಿಸಿ ನೋಡುವ ಪರೀಕ್ಷೆ ಗೊಂದಲವಾಗುತ್ತದೆ. ರಕ್ತ ಏರಿಸಬೇಕಾದಾಗ ಬ್ಲಡ್ ಬ್ಯಾಂಕಿನವರಿಗೆ ಈ ವಿಷಯ ಹೇಳಲೇಬೇಕು. ಬೋರ್ಟೆಜೊಮಿಬ್‌ನಿಂದ ಪಾದ, ಬೆರಳು ಜೋಮು ಹಿಡಿದರೆ ಸಹಿಸಿಕೊಂಡು ಕೂರಬೇಡಿ, ಬೇಗ ಹೇಳಿದರೆ ಡೋಸು ತಗ್ಗಿಸುತ್ತಾರೆ. ಸರ್ಪಸುತ್ತು ಬರದಂತೆ ಕೊಟ್ಟ ಮಾತ್ರೆಯನ್ನು ತಪ್ಪಿಸಬೇಡಿ. ಮೂಳೆಗೆ ಜೊಲೆಡ್ರೊನಿಕ್ ಆಸಿಡ್ ಹಾಕುವ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆಗೆ ತೊಂದರೆಯಾಗಬಹುದು. ಬೆನ್ನು ನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಮೂತ್ರಪಿಂಡ ಕೆಡುತ್ತದೆ. ಯಾರೋ ಕೊಟ್ಟ ಕಷಾಯ, ಪುಡಿ, ಗ್ರೀನ್ ಟೀ ಸಾರದ ಮಾತ್ರೆ ಯಾವುದನ್ನಾದರೂ ವೈದ್ಯರಿಗೆ ಹೇಳದೆ ಸೇವಿಸಬೇಡಿ. ಗ್ರೀನ್ ಟೀಯಲ್ಲಿರುವ ಒಂದು ಅಂಶ ಬೋರ್ಟೆಜೊಮಿಬ್‌ನ ಕೆಲಸವನ್ನೇ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಅಂದೇ ರಾತ್ರಿ ಆಸ್ಪತ್ರೆಗೆ ಹೋಗಿ.

ವೈದ್ಯರ ಬಳಿ ಹೋಗುವಾಗ ಮನೆಯ ಒಬ್ಬರನ್ನು ಕರೆದುಕೊಂಡು ಹೋಗಿ, ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿ. ಈ ಔಷಧ ನನಗೇ ಯಾಕೆ, ಈಗಲೇ ಯಾಕೆ? ಇದು ಹಿಡಿಯಿತೆಂದು ಯಾವ ಪರೀಕ್ಷೆಯಿಂದ, ಎಷ್ಟು ದಿನಕ್ಕೆ ತಿಳಿಯುತ್ತದೆ? ಇದು ಸೋತರೆ ಮುಂದಿನ ದಾರಿ ಯಾವುದು, ಇದನ್ನು ಈಗ ಬಳಸುವುದರಿಂದ ಆ ದಾರಿ ಮುಚ್ಚುತ್ತದೆಯೇ? ನನ್ನ ವಯಸ್ಸು, ಮೂತ್ರಪಿಂಡ, ಸಕ್ಕರೆ ಕಾಯಿಲೆ ಇದನ್ನು ತಡೆದುಕೊಳ್ಳುತ್ತವೆಯೇ? ಉತ್ತರ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎನ್ನಿ. ಬೆಂಗಳೂರಿನ ಕಿದ್ವಾಯಿಯಾಗಲಿ, ವೆಲ್ಲೂರಿನ ಸಿಎಂಸಿಯಾಗಲಿ, ರಕ್ತರೋಗದ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ನಿಮ್ಮ ವೈದ್ಯರಿಗೆ ಮಾಡುವ ಅವಮಾನವಲ್ಲ. ಮೈಲೋಮಾದಂಥ ಕಾಯಿಲೆಯಲ್ಲಿ ಅದು ವಿವೇಕ.

ಈ ಕಾಯಿಲೆಯನ್ನು ಬೇರಿನಿಂದ ಕಿತ್ತೊಗೆಯುತ್ತೇನೆ ಎಂದು ಎಲ್ಲರಿಗೂ ಮಾತು ಕೊಡುವ ಔಷಧ ಇನ್ನೂ ಬಂದಿಲ್ಲ. ಆದರೆ ಅದರೊಡನೆ ಬಾಳುವ ವರ್ಷಗಳು ನಮ್ಮ ಕಣ್ಣೆದುರಿಗೇ ಹೆಚ್ಚುತ್ತಿವೆ. ಹಾಗಾಗಿ ಸುದ್ದಿಗಳಿಗೆ ಕಿವಿ ಕೊಡಿ, ನಿರ್ಧಾರವನ್ನು ಮಾತ್ರ ನಿಮ್ಮ ಫೈಲು ನೋಡಿ, ನಿಮ್ಮ ವೈದ್ಯರ ಜೊತೆ ಕೂತು ಮಾಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತಂದು ಬರೆಯಲು ಶುರುಮಾಡಿ. ಇದೊಂದನ್ನು ಈ ಹಿರಿಯಳಿಗಾಗಿ ಮಾಡಿ.